ಕಾಲುವೆಯ ಏಳು ಚಿತ್ರಗಳು

ಅಂಚೆ ಕಚೇರಿಯ ಗುಮಾಸ್ತ ಫಿಕ್ರಿ ಆ ಭಾಷಣಕ್ಕೆ ಹೋಗದೇ ಇದ್ದಿದ್ದರೆ ಅವನ ಪ್ರಾಣಕ್ಕೆ ಸಂಚಕಾರ ಬರುತ್ತಿರಲಿಲ್ಲ. ಕೈರೋದಿಂದ ಅವನ ಊರು ದಮನ್‌ಹೂರಿಗೆ ಬಂದಿದ್ದ ಛಾಯಾಗ್ರಾಹಕಿಯೊಬ್ಬಳು ಸಾಯುತ್ತಿರುವ ಕೆರೆಗಳ ಚಿತ್ರ ತೋರಿಸಿ, "ನಿಮ್ಮ ಬೀದಿಯ ಕೊಳಕನ್ನೂ ಹೀಗೆ ಹಿಡಿಯಿರಿ. ಒಂದೇ ಜಾಗ, ಒಂದೇ ಹೊತ್ತು, ಏಳು ದಿನ. ನಾನೇ ಪ್ರದರ್ಶನಕ್ಕೆ ಇಡುತ್ತೇನೆ" ಎಂದಿದ್ದಳು.

ಫಿಕ್ರಿ ತೀರಿಹೋದ ಅಪ್ಪನ ಹಳೇ ಕ್ಯಾಮೆರಾ ಒರೆಸಿಕೊಂಡು ಏಳು ದಿನವೂ ಬೆಳಗ್ಗೆ ಏಳಕ್ಕೆ ಕಾಲುವೆಯ ದಂಡೆಯಲ್ಲಿ ನಿಂತ. ಎದುರಿಗೆ ಕಸದ ರಾಶಿ. ಅದರ ಹಿಂದೆ ಕಟುಕ ಹಾಜಿ ದಸೂಕಿಯ ಮನೆ. ಮೇಲಿನ ಬಾಲ್ಕನಿಯಲ್ಲಿ ಅದೇ ಹೊತ್ತಿಗೆ ಬಟ್ಟೆ ಒಣಹಾಕುವ ಹಾಜಿಯ ಮಗಳು ಇನ್ಸಾಫ್. ಫಿಕ್ರಿ ಕಂಡದ್ದು ಕಸವನ್ನು ಮಾತ್ರ. ಬೀದಿ ಕಂಡದ್ದು ಮಿಕ್ಕಿದ್ದನ್ನು.

ಎಂಟನೆಯ ದಿನ ಸ್ಟುಡಿಯೋದಿಂದ ಚಿತ್ರಗಳ ಲಕೋಟೆ ಹಿಡಿದು ಬರುತ್ತಿದ್ದವನನ್ನು ಇಸ್ತ್ರಿ ಅಂಗಡಿಯ ಶೆಹಾತಾ ತೋಳು ಹಿಡಿದು ಒಳಗೆಳೆದ.

"ಇನ್ನೂ ಬದುಕಿದ್ದೀಯೇನೋ ಮಾರಾಯಾ?"

"ಯಾಕೆ, ಏನಾಯ್ತು?"

"ಹಾಜಿ ಬೆಳಗ್ಗೆಯಿಂದ ಕತ್ತಿ ಮಸೀತಿದ್ದಾರೆ. ಇವತ್ತು ಅಂಗಡಿಗೆ ರಜ, ಕುಯ್ಯೋಕೆ ಕುರಿ ಇಲ್ಲ. ಮತ್ತೆ ಯಾರಿಗೆ ಅಂತ ನೀನೇ ಹೇಳು!"

ಪಕ್ಕದಲ್ಲಿ ತಮಿಯಾ ಎಂಬ ಕಾಳಿನ ವಡೆ ಕರಿಯುವ ಉಮ್ಮ್ ಹನಾನ್ ಓಡಿಬಂದಳು.

"ಓಡು ಮಗನೇ, ಓಡು! ಅಯ್ಯೋ ಬೇಡ, ಓಡಿದ್ರೆ ತಪ್ಪು ಒಪ್ಪಿಕೊಂಡಂಗೆ. ತಗೋ, ಎರಡು ತಮಿಯಾ ತಿನ್ನು. ಹಸಿದ ಹೊಟ್ಟೇಲಿ ಸಾಯಬಾರದು."

ಫಿಕ್ರಿ ಒಂದನ್ನು ಬಾಯಿಗಿಟ್ಟ. ಬೀದಿಯಲ್ಲಿ ಚಪ್ಪಲಿ ಸದ್ದು. ಶೆಹಾತಾ ಅವನನ್ನು ಇಸ್ತ್ರಿ ಮೇಜಿನಡಿ ತಳ್ಳಿ, ಗಾಬರಿಯಲ್ಲಿ ಯಾರೂ ಕೇಳುವ ಮೊದಲೇ ಕೂಗಿದ: "ಫಿಕ್ರಿ ನಮ್ಮಲ್ಲಿಲ್ಲ ಹಾಜಿಯವರೇ!"

ಮರುಕ್ಷಣ ಫಿಕ್ರಿ ಗೂಡಿನಿಂದ ಎಳೆದ ಕೋಳಿಯಂತೆ ಬೀದಿಗೆ ಬಂದ. ಹಾಜಿಯ ಒಂದು ಕೈಯಲ್ಲಿ ಅವನ ಕಾಲರ್, ಇನ್ನೊಂದರಲ್ಲಿ ಕತ್ತಿ. ಸುತ್ತ ಜನ.

"ನನ್ನ ಬಾಲ್ಕನಿ ಕೆಳಗೆ ಏಳು ದಿನ ಏನೋ ನಿನಗೆ ಕೆಲಸ?"

"ಕಸ, ಹಾಜಿಯವರೇ... ಬರೀ ಕಸದ ಚಿತ್ರ ತೆಗೆದದ್ದು..."

"ನನ್ನ ಮಗಳನ್ನ ಕಸ ಅಂತೀಯಾ?"

ಫಿಕ್ರಿ ಲಕೋಟೆ ಚಾಚಿದ. "ನೀವೇ ನೋಡಿ. ಮಗಳ ಉಗುರು ಕಂಡರೂ ನನ್ನ ಕತ್ತು ನಿಮ್ಮದು."

ಕಾಲರ್ ಬಿಟ್ಟು ಮೊದಲ ಚಿತ್ರ ತೆಗೆದ ಹಾಜಿಯ ಹುಬ್ಬು ಸಡಿಲವಾಯಿತು. ನಿಜ, ಬರೀ ಕಸ. ಫಿಕ್ರಿಗೆ ಉಸಿರು ಬಂತು. ಎರಡನೆಯದಕ್ಕೆ ಹಾಜಿಯ ಮುಖ ಬಿಳಿಚಿತು. ಚಿತ್ರದ ಮೂಲೆಯಲ್ಲಿ ಅವನೇ ನಿಂತು ಕುರಿಕರುಳಿನ ಚೀಲವನ್ನು ಕಾಲುವೆಗೆ ಬೀಸಿ ಎಸೆಯುತ್ತಿದ್ದ. ನಾತಕ್ಕೆಲ್ಲ ಆಚೆ ದಂಡೆಯವರೇ ಕಾರಣವೆಂದು ನಗರಸಭೆಯಲ್ಲಿ ಮೇಜು ಗುದ್ದಿ ಬಂದವನು ಅವನೇ. ಮುಂದಿನದರಲ್ಲಿ ಉಮ್ಮ್ ಹನಾನ್ ಕರಿ ಎಣ್ಣೆಯ ಬಾಣಲೆಯನ್ನು ಕಾಲುವೆಗೆ ಬಗ್ಗಿಸುತ್ತಿದ್ದಳು. ಅದರ ಮುಂದಿನದರಲ್ಲಿ ಶೆಹಾತಾ ಬುಟ್ಟಿಗಟ್ಟಲೆ ಬೂದಿ ಸುರಿಯುತ್ತಿದ್ದ. ಹುಡುಗಿಗಾಗಿ ನಿಂತವನಿಗೆ ಬೇರೇನು ಕಂಡೀತು ಎಂದು ಯಾರೂ ಅವನ ಕ್ಯಾಮೆರಾಕ್ಕೆ ಅಂಜಿರಲಿಲ್ಲ.

"ಏನಿದೆ ಹಾಜಿ, ನಮಗೂ ತೋರ್ಸಿ!" ಜನ ಮುಂದೆ ಬಾಗಿದರು.

ಹಾಜಿ ಚಿತ್ರಗಳನ್ನು ಎದೆಗೊತ್ತಿಕೊಂಡು, ಪಕ್ಕದಿಂದ ಇಣುಕಿ ನೋಡಿದ್ದ ಉಮ್ಮ್ ಹನಾನ್, ಶೆಹಾತಾ ಇಬ್ಬರ ಮುಖ ನೋಡಿದ.

"ನನ್ನ ಮಗಳೇ," ಎಂದು ಗುಡುಗಿದ. "ಏಳರಲ್ಲೂ ನನ್ನ ಮಗಳೇ!"

"ನನ್ನ ಕಣ್ಣಾರೆ ನೋಡ್ದೆ," ಎಂದಳು ಉಮ್ಮ್ ಹನಾನ್.

"ತಲೆವಸ್ತ್ರದ ಹೂವು ಸಮೇತ ಬಂದಿದೆ," ಎಂದ ಶೆಹಾತಾ.

"ಅಯ್ಯೋ, ಅದು ಕಸ!" ಫಿಕ್ರಿ ಚೀರಿದ.

"ಮತ್ತೆ ಕಸ ಅಂದ!" ಜನ ಮೈಮೇಲೆ ಬಂದರು.

ಹಾಜಿ ಲಕೋಟೆಯನ್ನು ನೆಗೆಟಿವ್ ಸಮೇತ ಉಮ್ಮ್ ಹನಾನಳ ಒಲೆಗೆ ತುರುಕಿದ. "ಗುರುವಾರ ತಾಯಿನ ಕರ್ಕೊಂಡು ಬಾ. ಫಾತಿಹಾ ಓದಿ ಮದುವೆ ನಿಶ್ಚಯ ಮಾಡೋಣ. ಬರದಿದ್ರೆ, ಕತ್ತಿ ಹೇಗೂ ಮಸೆದಾಗಿದೆ."

ಬಾಲ್ಕನಿಯ ಬಾಗಿಲು ಧಡಾರನೆ ತೆರೆಯಿತು.

"ನಾನು ಒಲ್ಲೆ ಅಪ್ಪಾ!" ಇನ್ಸಾಫ್ ಇಡೀ ಬೀದಿಗೆ ಕೇಳುವಂತೆ ಕೂಗಿದಳು. "ದಿನಾ ಒಂದೊಂದು ಹೊಸ ತಲೆವಸ್ತ್ರ ಕಟ್ಟಿ ನಿಂತೆ. ಈ ಮನುಷ್ಯ ಒಂದು ಸಲನಾದ್ರೂ ತಲೆ ಎತ್ತಬೇಕಲ್ಲ!"

ಬಾಗಿಲು ಮುಚ್ಚಿತು. ಉಮ್ಮ್ ಹನಾನ್ ಫಿಕ್ರಿಯ ಬೆನ್ನು ಸವರಿದಳು. "ಹೋಗ್ಲಿ ಬಿಡು ಮಗನೇ. ಪ್ರೀತೀಲಿ ಸೋತವನು ನೀನೊಬ್ಬನೇ ಅಲ್ಲ."