ಹ್ಯಾಜಲ್‌ಕೂಂಬಿಗೊಂದು ಜೋಡಿ

ಬೆಳಿಗ್ಗೆ ಏಳಕ್ಕೆ ಮಸ್ಕಿಗೆ ಹೊರಡುವುದು. ಅಶೋಕನ ಶಾಸನದ ಬಂಡೆಯ ಬಳಿ ಪೆನ್‌ರೋಸ್ ಮೇಡಂ ಅವರನ್ನು ಎದುರುಗೊಳ್ಳುವುದು. ಅವರ ಕಾರಿನಲ್ಲೇ ಸಿಂಧನೂರು ದಾಟಿ, ಮಧ್ಯಾಹ್ನದ ಊಟಕ್ಕೆ ತೂಬಿನಕ್ಯಾಂಪು ಸೇರುವುದು. ಅನಂತರ ಕಾಲುವೆ, ಅನಂತರ ಗದ್ದೆ, ಅನಂತರ ಚಹಾ, ಕೊನೆಗೆ ಅವರ ನಿರ್ಣಯ. ಆ ಭಾನುವಾರಕ್ಕೆ ಆಸೀಫ್ ಹಾಕಿಕೊಂಡಿದ್ದ ಕ್ರಮ ಇದು. ಬಿ.ಎಸ್ಸಿ. ಮುಗಿಸಿ ಸಿಂಧನೂರಿನ ರಕ್ತಪರೀಕ್ಷಾ ಕೇಂದ್ರವೊಂದರಲ್ಲಿ ಕೆಲಸಕ್ಕಿದ್ದ ಅವನು ಅಲ್ಲಿ ಗಾಜಿನ ನಳಿಕೆಗಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸುತ್ತಿದ್ದ. ಮನೆಗೆ ಬಂದರೆ ಚಪ್ಪಲಿಗಳನ್ನೂ ಹಾಗೆಯೇ ನಿಲ್ಲಿಸುತ್ತಿದ್ದ. ಅಂಥವನು ಹಾಕಿದ ಕ್ರಮದಲ್ಲಿ ದೋಷವಿದ್ದುದು ಒಂದೇ ಕಡೆ: ನೆರೆಯವರಿಗೆ ಅದರಲ್ಲಿ ಯಾವ ಕೆಲಸವನ್ನೂ ಇಟ್ಟಿರಲಿಲ್ಲ.

ಹ್ಯಾಜಲ್‌ಕೂಂಬ್ ಎಂಬುದು ಇಂಗ್ಲೆಂಡಿನ ಒಳನಾಡಿನ ಒಂದು ನೆಲೆ. ಒಂಬತ್ತು ಮನೆ, ಒಂದು ತೊರೆ, ತೊರೆಗೊಂದು ಕಲ್ಲಿನ ಸೇತುವೆ, ಬಳಕೆ ತಪ್ಪಿದ ಕೆಂಪು ಟೆಲಿಫೋನ್ ಗೂಡು. ಆ ಗೂಡಿನೊಳಗೆ ಈಗ ಪುಸ್ತಕಗಳಿವೆ. ಊರು ಎನ್ನಿಸಿಕೊಳ್ಳದ ಇಂಥ ಕಿರುನೆಲೆಯನ್ನು ಅಲ್ಲಿಯವರು ಹ್ಯಾಮ್ಲೆಟ್ ಎನ್ನುತ್ತಾರೆ; ಸಿಂಧನೂರಿನ ಕಡೆ ಕಾಲುವೆ ಬದಿಯ ಅಂಥದಕ್ಕೆ ಕ್ಯಾಂಪು ಎನ್ನುತ್ತಾರೆ. ತಮ್ಮ ಹ್ಯಾಮ್ಲೆಟ್ಟಿಗೆ ಭಾರತದ ಒಂದು ಹ್ಯಾಮ್ಲೆಟ್ಟನ್ನು ಜೋಡಿ ಮಾಡಿಕೊಳ್ಳಬೇಕೆಂದು ಆ ಒಂಬತ್ತು ಮನೆಯವರು ಸಮಿತಿ ಮಾಡಿಕೊಂಡಿದ್ದರು. ಅಂತರ್ಜಾಲದಲ್ಲಿ ಇದನ್ನು ಕಂಡ ಆಸೀಫ್, ಗೊರೇಬಾಳದ ಆಚೆ ಕಾಲುವೆಯ ದಂಡೆಗೆ ಅಂಟಿಕೊಂಡಿರುವ ತನ್ನ ತೂಬಿನಕ್ಯಾಂಪಿನ ಚಿತ್ರಗಳನ್ನು ಕಳಿಸಿ, ಎರಡು ವರ್ಷ ಬಿಡದೆ ಬರೆದು, ಸಮಿತಿಯ ಕೊನೆಯ ಆಯ್ಕೆಯವರೆಗೆ ತಂದು ನಿಲ್ಲಿಸಿದ್ದ. ಸಮಿತಿಯ ಪರವಾಗಿ ಬರುವ ಮೇಡಂ ಕಣ್ಣಾರೆ ಕಂಡು ಒಪ್ಪಿದರೆ, ಕ್ಯಾಂಪಿನ ಪ್ರತಿನಿಧಿ ಒಂದು ತಿಂಗಳು ಹ್ಯಾಜಲ್‌ಕೂಂಬಿನ ಅತಿಥಿ. ಆ ಪ್ರತಿನಿಧಿ ಆಸೀಫ್. ಪಾಸ್‌ಪೋರ್ಟ್ ಬಂದಿತ್ತು. ಬೇಸಗೆಯಲ್ಲಿ ಬೆಂಕಿ ಉಗುಳುವ ಸಿಂಧನೂರಿನಲ್ಲಿ ಉಣ್ಣೆಯ ಕೋಟೊಂದನ್ನು ಹುಡುಕಿ ಕೊಂಡೂ ಆಗಿತ್ತು.

ಹೊರಡುವ ಮುನ್ನ ಅವನು ತೂಬಿನ ಬಳಿ ಚಹಾ ಕುಡಿಯುತ್ತಿದ್ದ ಹಿರಿಯರಿಗೆ ಕೈಮುಗಿದು ಹೇಳಿದ.

“ನೀವ್ಯಾರೂ ಏನೂ ಮಾಡಬ್ಯಾಡ್ರಿ. ಕ್ಯಾಂಪ್ ಹ್ಯಾಂಗೈತಿ ಹಂಗ ಇರಲಿ. ಸಣ್ಣದು ಅಂತನ ಅವರು ಬರಾಕತ್ತ್ಯಾರ.”

ಏನೂ ಮಾಡಬೇಡಿ ಎಂಬ ಮಾತು ಟ್ರ್ಯಾಕ್ಟರ್ ಮಾಲೀಕ ಯಂಕೋಬನ ಕಿವಿಗೆ ಕೆಣಕಿದಂತೆ ಕೇಳಿತು.

“ಸಣ್ಣದು ಯಾರದ್ಲೇ ಅಳಿಯಾ? ಅವರದು ಒಂಬತ್ತು ಮನಿ ಅಂತ ನೀನ ಹೇಳಿದಿ. ಬಸ್ಸು?”

“ವಾರಕ್ಕೊಂದು, ಮಾವ.”

“ಅಯ್ಯೋ ಪಾಪ!” ಎಂದಳು ಆಸೀಫನ ಅಜ್ಜಿ ದಾವಲ್‌ಬೀ. “ಹಂಗಾರ ಹೆಣ್ಮಕ್ಕಳು ತವರಿಗೆ ಹ್ಯಾಂಗ ಹೋಗ್ತಾವ ಬೇಟಾ? ಆಕೀಗೆ ಎರಡು ಸೇರು ಅಕ್ಕಿ ಕಟ್ಟಿ ಕೊಡೋಣೇಳು.”

“ಅಕ್ಕಿ ಇರಲಿ,” ಎಂದ ಯಂಕೋಬ. “ಮೇಡಂ ಬಂದ ಕೂಡಲೇ ಮೊದಲ ಎಲ್ಲಿ ಕರಕೊಂಡು ಹೋಗ್ತಿ? ಊರಿಗೆ ಬಂದ ಬೀಗರನ್ನ ದೇವರ ಮುಂದ ನಿಂದ್ರಿಸಿ, ಹಾರ ಹಾಕಿ, ಆಮ್ಯಾಲೆ ಮನಿಗೆ ಕರಿಯಾದು ನಮ್ಮ ಪದ್ಧತಿ. ನಮಗ ಒಂದು ಕಟ್ಟಿ ಐತೇನು? ಹಣಮಪ್ಪಗ ಕೈ ಮುಗಿಯಾಕ ಗೊರೇಬಾಳಕ್ಕ ಓಡಬೇಕು.”

“ನಮಾಜಿಗೂ ಗೊರೇಬಾಳನ,” ಎಂದು ಗಾರೆ ಕೆಲಸದ ಗೌಂಡಿ ಇಮಾಮ್‌ಸಾಬ್ ನಿಟ್ಟುಸಿರಿಟ್ಟ.

“ಅದೆಲ್ಲಾ ಬ್ಯಾಡ್ರಿ, ಮನಿ ಮುಂದ ನಿಂದ್ರಿಸಿದ್ರ ಸಾಕು,” ಎಂದು ಹೇಳಿ ಆಸೀಫ್ ಬೈಕ್ ಹತ್ತಿದ. ಯಂಕೋಬ ಇಮಾಮ್‌ಸಾಬನ ಮುಖ ನೋಡಿದ. ಇಮಾಮ್‌ಸಾಬ್ ತನ್ನ ಕರಣಿ ಎಲ್ಲಿದೆಯೆಂದು ನೋಡಿದ.

ಪೆನ್‌ರೋಸ್ ಮೇಡಂ ಭೂಗೋಳ ಕಲಿಸಿ ನಿವೃತ್ತರಾದವರು. ಹಿಂದಿನ ದಿನ ಲಿಂಗಸುಗೂರಿನಲ್ಲಿ ತಂಗಿದ್ದವರು, ಮಸ್ಕಿಯ ಬಂಡೆಯೆದುರು ಆಸೀಫ್ ಅಂದಾಜಿಸಿದ್ದಕ್ಕಿಂತ ಮೂರು ಪಟ್ಟು ಹೊತ್ತು ನಿಂತರು. ಪರೀಕ್ಷೆಯ ಕೊನೆಯ ಗಂಟೆ ಬಾರಿಸಿದರೂ ಬರೆಯುತ್ತಲೇ ಇರುವ ವಿದ್ಯಾರ್ಥಿಯನ್ನು ನೋಡುವಂತೆ ಆಸೀಫ್ ಅವರನ್ನು ನೋಡುತ್ತಿದ್ದಾಗ ಮೊದಲ ಕರೆ ಬಂತು.

“ಅಳಿಯಾ, ಬರಬೇಕಾದ್ರ ಒಂದು ಡಬ್ಬಿ ಕೇಸರಿ ಬಣ್ಣ ತಗೊಂಡು ಬಾ,” ಎಂದ ಯಂಕೋಬ.

“ಯಾಕ ಮಾವ?”

“ಮೇಡಂ ಬರಾಕತ್ತ್ಯಾರಲ್ಲಲೇ, ಛಲೋ ಕಾಣಬೇಕು.”

ಸ್ವಾಗತದ ಕಮಾನಿಗಿರಬೇಕೆಂದು ಆಸೀಫ್ ಬಣ್ಣ ಕೊಂಡ. ಬೈಕನ್ನು ಗೆಳೆಯನೊಬ್ಬನ ಮನೆಯಲ್ಲಿ ಬಿಟ್ಟು ಮೇಡಂ ಅವರ ಕಾರು ಹತ್ತಿದ. ಸಿಂಧನೂರು ಸಮೀಪಿಸುವಾಗ ಇಮಾಮ್‌ಸಾಬನ ಕರೆ.

“ಬೇಟಾ, ಹಸಿರು ಬಣ್ಣ ಒಂದು ಡಬ್ಬಿ. ಒಂದು ಚೀಲ ಸಿಮೆಂಟೂ ಇರಲಿ.”

“ಸಿಮೆಂಟ್ ಯಾಕ ಚಾಚಾ?”

“ಅರೇ, ಮೇಡಂ ಎಡವಿ ಬಿದ್ದ್ರ ಯಾರು ಜವಾಬ್ದಾರ್?”

ದಾರಿಯ ತಗ್ಗು ಮುಚ್ಚುತ್ತಿದ್ದಾರೆಂದು ತಿಳಿದು ಆಸೀಫ್ ಹೃದಯಪೂರ್ವಕ ಸಂತೋಷಪಟ್ಟ. ಕಾರಿನ ಡಿಕ್ಕಿಯಲ್ಲಿ ಮೇಡಂ ಅವರ ಪೆಟ್ಟಿಗೆಯ ಪಕ್ಕಕ್ಕೆ ಸಿಮೆಂಟು ಮಲಗಿತು. ಆಗ ಮೂರನೆಯ ಕರೆ, ಕ್ಯಾಂಪಿನವನೇ ಆದ ಬ್ಯಾಂಕಿನ ನೌಕರ ಶಿವರಾಜನದು.

“ತಮ್ಮಾ, ಸಿಂಧನೂರು ಬಸ್‌ಸ್ಟ್ಯಾಂಡ್ ಎದುರಿನ ಅಂಗಡ್ಯಾಗ ನಂದೊಂದು ಪಾರ್ಸಲ್ ಐತಿ. ಕೂಡ್ರಿಸಿಕೊಂಡು ಬಾ. ಯಾವ ಕಾರಣಕ್ಕೂ ಮಲಗಿಸಬ್ಯಾಡ.”

“ಒಳಗ ಏನೈತಿ ಅಣ್ಣಾ?”

“ಶಾಂತಿ ಐತಿ,” ಎಂದು ಶಿವರಾಜ ಫೋನ್ ಇಟ್ಟ.

ಪಾರ್ಸಲ್ ತೊಡೆಯ ಮೇಲೆ ಇಟ್ಟುಕೊಳ್ಳುವಷ್ಟು ದೊಡ್ಡದಿತ್ತು. ಆದರೆ ಆಸೀಫನ ತೊಡೆಯ ಮೇಲೆ ಆಗಲೇ ಎರಡು ಡಬ್ಬಿಗಳಿದ್ದವು. ಮೇಡಂ ತಾವಾಗಿಯೇ ಕೈಚಾಚಿ ಅದನ್ನು ತೆಗೆದುಕೊಂಡು, ಮಡಿಲಲ್ಲಿ ಕೂಸನ್ನು ಹಿಡಿದಂತೆ ಹಿಡಿದರು. ದಾರಿಯಲ್ಲಿ ಕೊಕ್ಕರೆಗಳನ್ನು ಕಂಡು ನಿಲ್ಲಿಸಿದರು. ಹುಲ್ಲು ಹೇರಿಕೊಂಡು ಓಲಾಡುತ್ತ ಬರುವ ಟ್ರ್ಯಾಕ್ಟರನ್ನು ಕಂಡು ನಿಲ್ಲಿಸಿದರು. ರಸ್ತೆಯ ಅರ್ಧಕ್ಕೆ ಹರಡಿದ ಭತ್ತವನ್ನು ಕಂಡಾಗ ಇಳಿದೇ ಬಿಟ್ಟರು. ತೂಬಿನಕ್ಯಾಂಪು ಕಾಣುವ ಹೊತ್ತಿಗೆ ಮಧ್ಯಾಹ್ನದ ಊಟ ಸಂಜೆಯ ಚಹಾದ ಸಮೀಪಕ್ಕೆ ಸರಿದಿತ್ತು.

ಕಾರು ನಿಲ್ಲುತ್ತಲೇ ಯಂಕೋಬ ಕೇಸರಿ ಡಬ್ಬಿಯನ್ನೂ ಇಮಾಮ್‌ಸಾಬ್ ಹಸಿರು ಡಬ್ಬಿಯನ್ನೂ ಕಸಿದುಕೊಂಡು ಮನೆಗಳ ಹಿಂದಕ್ಕೆ ಮಾಯವಾದರು. ಶಿವರಾಜ ಮೇಡಂ ಅವರ ಮಡಿಲಿನಿಂದ ಪಾರ್ಸಲನ್ನು ಎರಡೂ ಕೈಗಳಿಂದ ಎತ್ತಿಕೊಂಡು ಅದೇ ದಿಕ್ಕಿಗೆ ನಡೆದ. ಇಬ್ಬರು ಬಂದು ಸಿಮೆಂಟನ್ನೂ ಹೊತ್ತೊಯ್ದರು. ಆಸೀಫ್ ಮೊದಲ ಸಲ ಅನುಮಾನದಿಂದ ಅತ್ತ ಎರಡು ಹೆಜ್ಜೆ ಇಟ್ಟ. ಆದರೆ ಮೇಡಂ ಅವರಿಗೆ ದಾವಲ್‌ಬೀ ಅಷ್ಟರಲ್ಲಿ ಜೋಳದ ರೊಟ್ಟಿಯ ಮೇಲೆ ಬದನೆಕಾಯಿ ಬಡಿಸುತ್ತಿದ್ದಳು.

“ಉಣ್ಣವಾ ತಾಯಿ, ಉಣ್ಣು. ಒಂಬತ್ತು ಮನ್ಯಾಗ ನಿನಗ ಯಾರು ಮಾಡಿ ಹಾಕ್ತಾರ?”

ಭಾಷೆ ತಿಳಿಯದ ಮೇಡಂ ಮೂರು ರೊಟ್ಟಿ ಮುಗಿಸಿದರು. ಆಮೇಲೆ ಕಾಲುವೆ ನೋಡಿದರು, ಗದ್ದೆ ನೋಡಿದರು. ತೂಬಿನ ಮೇಲೆ ಕುಳಿತು ಕಾಲು ತೊಳೆದರು. “ಆಸೀಫ್, ಇದು ನಮ್ಮ ತೊರೆಯ ಅಕ್ಕನಂತಿದೆ,” ಎಂದರು. ಆಸೀಫನಿಗೆ ಹ್ಯಾಜಲ್‌ಕೂಂಬಿನ ಕಲ್ಲಿನ ಸೇತುವೆ ಕಣ್ಣಿಗೆ ಕಟ್ಟಿತು. ಅದರ ಮೇಲೆ ಉಣ್ಣೆಯ ಕೋಟು ತೊಟ್ಟು ತಾನೇ ನಿಂತಿದ್ದ.

ಚಹಾ ಬಂತು. ಕ್ಯಾಂಪಿನವರೆಲ್ಲ ಸುತ್ತ ಸೇರಿದರು. ಮೇಡಂ ಲೋಟವನ್ನು ಕೆಳಗಿಟ್ಟು ಹೇಳಿದರು:

“ಎಲ್ಲವೂ ನಾವು ಬಯಸಿದಂತೆಯೇ ಇದೆ. ಉಳಿದದ್ದು ಒಂದೇ ಪ್ರಶ್ನೆ. ಇಲ್ಲಿ ನಿಮ್ಮದೇ ಆದ ಪ್ರಾರ್ಥನೆಯ ಸ್ಥಳ ಯಾವುದಾದರೂ ಇದೆಯೆ?”

“ಇಲ್ಲ ಮೇಡಂ,” ಎಂದ ಆಸೀಫ್, ವರದಿ ಓದುವವನಂತೆ. “ಅದಕ್ಕೆ ನಾವು ಗೊರೇಬಾಳಕ್ಕೆ ಹೋಗುತ್ತೇವೆ.”

ಮೇಡಂ ಮುಖ ಅರಳಿತು. ಅವರು ಕೈಕುಲುಕಲು ಕೈಚಾಚಿದರು ಕೂಡ. ಅಷ್ಟರಲ್ಲಿ ಶಿವರಾಜನ ಕಿವಿ ನೆಟ್ಟಗಾಯಿತು. ಕ್ಯಾಂಪಿನಲ್ಲಿ ಆಸೀಫನ ಬಳಿಕ ಇಂಗ್ಲಿಷ್ ಬಲ್ಲವನು ಅವನೊಬ್ಬನೇ.

“ಏನಂದ್ಯೋ ತಮ್ಮಾ? ಗೊರೇಬಾಳ ಅಂದ್ಯಾ? ಯಂಕೋಬಣ್ಣಾ, ನಮ್ಮಲ್ಲಿ ದೇವರ ಜಾಗ ಇಲ್ಲ ಅಂತ ಹೇಳ್ಯಾನ ಇಂವ!”

“ಇಲ್ಲಾ?” ಯಂಕೋಬ ಎದ್ದು ನಿಂತ. ಅವನ ಮೊಣಕೈತನಕ ಕೇಸರಿಯಿತ್ತು. “ಏಳ್ರಿ ಮೇಡಮ್ಮಾರ! ಬರ್ರಿ! ಕಣ್ಣಿಂದ ನೋಡ್ರಿ!”

ಮನೆಗಳ ಹಿಂದಿನ ಬೇವಿನ ಮರದ ಕೆಳಗೆ ಮೂರು ಕಟ್ಟೆಗಳಿದ್ದವು. ಒಂದರ ಮೇಲೆ ಕೇಸರಿ ಬಳಿದುಕೊಂಡು ಹಣಮಪ್ಪ. ಮುಂದಿನದರಲ್ಲಿ ಪಶ್ಚಿಮದ ಅಂಚಿಗೆ ಎದ್ದ ಪುಟ್ಟ ಹಸಿರು ಗೋಡೆ, ಗೋಡೆಯ ಮುಂದೆ ಹಾಸಿದ ಹೊಸ ಚಾಪೆ. ಮೂರನೆಯದರಲ್ಲಿ, ದಾರಿಯುದ್ದಕ್ಕೂ ಮೇಡಂ ಮಡಿಲಲ್ಲಿ ಕುಳಿತು ಬಂದಿದ್ದ ಬುದ್ಧ. ಎಂಟು ವರ್ಷಗಳಿಂದ ಜಾಗ ಯಾವುದು, ಮೊದಲು ಯಾರದು ಎಂದು ತೀರ್ಮಾನವಾಗದೆ ನಿಂತಿದ್ದ ಕೆಲಸವನ್ನು ಕ್ಯಾಂಪು ಒಂದು ಹಗಲಿನಲ್ಲಿ ಮುಗಿಸಿತ್ತು. ಹಣಮಪ್ಪನ ಕಟ್ಟೆ ಕಟ್ಟಿದವನು ಇಮಾಮ್‌ಸಾಬ್. ಹಸಿರು ಗೋಡೆಗೆ ಇಟ್ಟಿಗೆ ತಂದದ್ದು ಯಂಕೋಬನ ಟ್ರ್ಯಾಕ್ಟರು. ಬುದ್ಧನ ಕಟ್ಟೆಗೆ ಇಬ್ಬರೂ ಸೇರಿ ಸಿಮೆಂಟು ಮೆತ್ತಿ ಗಿಲಾಯಿ ಮಾಡಿದ್ದರು.

ಆಸೀಫನ ತಲೆ ರಕ್ತಪರೀಕ್ಷಾ ಕೇಂದ್ರದ ಯಂತ್ರದಲ್ಲಿ ತಿರುಗುವ ನಳಿಕೆಯಂತೆ ತಿರುಗಿತು. ಮೇಡಂ ಒಂದೊಂದರ ಮುಂದೆಯೂ ನಿಂತರು. ಮೂರು ಹಾರ ಹಾಕಿಸಿಕೊಂಡರು. ಅವರ ಕಣ್ಣುಗಳು ತೇವವಾಗಿದ್ದವು.

“ಎಷ್ಟು ಚೆಲುವಾಗಿದೆ,” ಎಂದರು. “ಆದರೆ ಆಸೀಫ್, ನಮ್ಮ ಕಡೆಯ ಹಳೆಯ ಲೆಕ್ಕ ನಿಮಗೆ ತಿಳಿಯದಿರಬಹುದು. ಸ್ವಂತ ಚರ್ಚು ಇಲ್ಲದ ನೆಲೆ ಹ್ಯಾಮ್ಲೆಟ್. ಚರ್ಚು ಬಂದ ದಿನ ಅದು ಊರು. ನಮ್ಮ ಸಮಿತಿ ಈ ಲೆಕ್ಕವನ್ನೇ ಇಟ್ಟುಕೊಂಡಿದೆ. ಪ್ರಾರ್ಥನೆಯ ಸ್ಥಳ ಒಂದಿದ್ದರೂ ನಾನು ಒಪ್ಪುವಂತಿಲ್ಲ. ನಿಮ್ಮಲ್ಲಿ ಮೂರಿವೆ.”

“ಮೇಡಂ, ಇವು ಬೆಳಿಗ್ಗೆ ಇರಲಿಲ್ಲ. ಸಿಮೆಂಟ್ ಇನ್ನೂ ಹಸಿ ಇದೆ, ಮುಟ್ಟಿ ನೋಡಿ!”

“ನಾನು ಬೆಳಿಗ್ಗೆ ಬರಲಿಲ್ಲವಲ್ಲ,” ಎಂದರು ಮೇಡಂ ಮೃದುವಾಗಿ. “ಇವನ್ನು ತೆಗೆಯುತ್ತಾರೆಂದು ನೀವು ಹೇಳಿದರೆ, ಇಲ್ಲವೆಂದೇ ಬರೆದುಕೊಳ್ಳುತ್ತೇನೆ.”

ಆಸೀಫ್ ತಿರುಗಿದ. ಇಮಾಮ್‌ಸಾಬ್ ಹಣಮಪ್ಪನ ಕಟ್ಟೆಯ ಅಂಚನ್ನು ಅಂಗೈಯಿಂದ ಸವರುತ್ತಿದ್ದ. ಯಂಕೋಬ ತನ್ನ ಹೆಗಲ ಮೇಲಿನ ಟವೆಲ್ಲಿನಿಂದ ಚಾಪೆಯ ಧೂಳು ಹೊಡೆಯುತ್ತಿದ್ದ. ದಾವಲ್‌ಬೀ ಬುದ್ಧನಿಗೆ ಬಿಸಿಲು ಬೀಳುತ್ತದೆಂದು ಶಿವರಾಜನನ್ನು ಗದರುತ್ತಿದ್ದಳು.

“ತೆಗೆಯುವುದಿಲ್ಲ ಮೇಡಂ,” ಎಂದ.

“ಏನಂದ್ರಲೇ ಮೇಡಮ್ಮಾರು?” ಯಂಕೋಬನಿಗೆ ತಡೆಯಲಾಗಲಿಲ್ಲ.

ಆಸೀಫ್ ಕನ್ನಡಕ್ಕೆ ತಿರುಗಿಸಿದ. “ದೇವರ ಜಾಗ ಇದ್ದ್ರ ಅದು ಕ್ಯಾಂಪ್ ಅಲ್ಲಂತ, ಊರಂತ. ನಮ್ಮದು ಊರು ಅಂದ್ರು. ಅದಕ್ಕ ಜೋಡಿ ಆಗಂಗಿಲ್ಲ. ನಾ ಹೋಗಂಗಿಲ್ಲ.”

ಕೊನೆಯ ಎರಡು ವಾಕ್ಯಗಳನ್ನು ಯಾರೂ ಕೇಳಲಿಲ್ಲ.

“ಊರು ಅಂದ್ರಾ?” ಯಂಕೋಬ ಟವೆಲ್ಲನ್ನು ಆಕಾಶಕ್ಕೆ ಎಸೆದ. “ಇಂಗ್ಲೆಂಡಿನವರ ಬಾಯಾಗ ನಮ್ಮದು ಊರಾತು! ಯಾವ ಮಗಾ ಇನ್ನ ನಾಲ್ಕ್ ಮನಿ ಕ್ಯಾಂಪ್ ಅಂತಾನ ನೋಡ್ತೀನಿ! ಗೊರೇಬಾಳದವರಿಗೆ ಫೋನ್ ಹಚ್ರಿ!”

ಇಮಾಮ್‌ಸಾಬ್ ಆಸೀಫನನ್ನು ಸೊಂಟ ಹಿಡಿದು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. “ಶಾಬಾಸ್ ಬೇಟಾ! ನೀ ಕರಕೊಂಡು ಬಂದಿ ಅಂತ ಆತು!”

ಆ ಎತ್ತರದಲ್ಲಿ ಕುಳಿತ ಆಸೀಫನಿಗೆ ಮೇಡಂ ಏನೋ ಕೇಳುತ್ತಿರುವುದು ಕಂಡಿತು. ಸಮೀಪದಲ್ಲಿ ನಿಜವಾದ ಹ್ಯಾಮ್ಲೆಟ್ ಬೇರೆ ಇದೆಯೆ ಎಂದು ಅವರ ಪ್ರಶ್ನೆ. ಶಿವರಾಜ ಅನುವಾದಿಸಿದ. ಯಂಕೋಬ ಉದಾರವಾಗಿ ಕಾಲುವೆಯ ಆಚೆಗೆ ಕೈ ತೋರಿದ.

“ಅಲ್ಲೈತಲ್ರಿ, ಕೆಳಗಿನ ಕ್ಯಾಂಪು. ಪಾಪ, ಅವರಿಗೆ ಏನೂ ಇಲ್ರಿ! ಅಳಿಯಾ, ಕರಕೊಂಡು ಹೋಗಿ ತೋರಿಸು.”

ಆಸೀಫ್ ಕರೆದುಕೊಂಡು ಹೋದ. ಕೆಳಗಿನ ಕ್ಯಾಂಪಿನ ಹುಸೇನಬಾಷಾ, ದನಕ್ಕೆ ಮೇವು ಹಾಕುತ್ತಿದ್ದವನು, ಏನು ನಡೆಯುತ್ತಿದೆಯೆಂದು ತಿಳಿಯುವ ಮೊದಲೇ ಹ್ಯಾಜಲ್‌ಕೂಂಬಿನ ಜೋಡಿಗೆ ಪ್ರತಿನಿಧಿಯಾದ. ಅನುವಾದವನ್ನೆಲ್ಲ ಆಸೀಫನೇ ಮಾಡಿದ. ಅಲ್ಲಿ ಚಳಿ ಬಹಳವೆಂದು ಕೇಳಿ ಹುಸೇನಬಾಷಾ ಗಾಬರಿಯಾದಾಗ, ತನ್ನ ಉಣ್ಣೆಯ ಕೋಟನ್ನೂ ಕೊಡುವುದಾಗಿ ಒಪ್ಪಿಕೊಂಡ.

“ನಿಮ್ಮ ಕ್ಯಾಂಪಿನವರು ಭಾಳ ಛಲೋ ಮಂದಿ ಬಿಡಪಾ,” ಎಂದ ಹುಸೇನಬಾಷಾ, ಕೈ ಹಿಡಿದುಕೊಂಡು.

ಆಸೀಫ್ ಕೈ ಬಿಡಿಸಿಕೊಂಡು ಬೆನ್ನು ನೆಟ್ಟಗೆ ಮಾಡಿದ.

“ಕ್ಯಾಂಪ್ ಅನಬ್ಯಾಡ್ರಿ. ಊರು ಅನ್ರಿ.”

ಆ ದಿನದ ಕೊನೆಗೆ ಕಂಡುಬಂದ ಫಲಿತಾಂಶ ಇಷ್ಟು: ತೂಬಿನಕ್ಯಾಂಪು ಊರಾಯಿತು, ಆಸೀಫ್ ಊರಿನಲ್ಲೇ ಉಳಿದ.