ನರಕದವರಿಗೂ ಒಂದು ಚಡ್ಡಿ

ಬಿಷಪ್ಪರ ಹೇಸರಗತ್ತೆ ಪಕ್ಕದ ಊರಿನ ಇಳಿಜಾರಿನಲ್ಲಿ ಕಾಲು ಉಳುಕಿಸಿಕೊಂಡಿತು. ಆದದ್ದು ಅಷ್ಟೇ. ಆದರೆ ಆ ಕಾಲು ನೆಟ್ಟಗಿದ್ದಿದ್ದರೆ ಬಿಷಪ್ಪರು ದೊಡ್ಡ ರಸ್ತೆ ಹಿಡಿದು ನೇರವಾಗಿ ನಗರಕ್ಕೆ ಹೋಗಿಬಿಡುತ್ತಿದ್ದರು. ಗುಡ್ಡದ ಮೇಲೆ ರೊಕ್ಕಾಫಿಕೊ ಎಂಬ ಊರೊಂದಿದೆ, ಅದೂ ತಮ್ಮ ಆಡಳಿತಕ್ಕೇ ಸೇರಿದ್ದು ಎನ್ನುವುದು ಅವರಿಗೆ ನೆನಪಾಗುತ್ತಲೇ ಇರಲಿಲ್ಲ. ಈಗ ಸಂಜೆಯ ಪ್ರಾರ್ಥನೆಯ ಹೊತ್ತಿಗೆ ಇಲ್ಲಿಗೆ ಬಂದು ತಂಗುತ್ತಾರೆಂದು ಬೆಳಕು ಹರಿಯುವ ಮೊದಲೇ ಒಬ್ಬ ಆಳು ಏದುಸಿರು ಬಿಡುತ್ತಾ ಬಂದು ಹೇಳಿದ.

ಪಾದ್ರಿ ದೊನ್ ಫುಲ್ಜೆನ್ಸಿಯೊ ಹಾಸಿಗೆಯಿಂದ ಜಿಗಿದೆದ್ದರು. ಚರ್ಚಿನ ಗೋಡೆಗಳ ಮೇಲೆ ಬೆತ್ತಲೆ ಮೈ ಕಾಣಬಾರದೆಂದು ಮೇಲಿನವರ ಆಜ್ಞೆ ಬಂದು ಎಷ್ಟೋ ಕಾಲವಾಗಿತ್ತು. ಅವರು 'ನೋಡೋಣ, ಮಾಡೋಣ' ಎಂದು ದಿನ ತಳ್ಳಿಕೊಂಡು ಬಂದಿದ್ದರು. ಅವರ ಚರ್ಚಿನ ಬಾಗಿಲ ಗೋಡೆಯ ಒಳಮೈ ತುಂಬ ಅಂತಿಮ ತೀರ್ಪಿನ ಚಿತ್ರ. ಸತ್ತವರೆಲ್ಲ ಗೋರಿ ಬಿಟ್ಟೆದ್ದು, ಕೆಲವರು ಸ್ವರ್ಗಕ್ಕೆ, ಕೆಲವರು ನರಕಕ್ಕೆ ಹೊರಟಿದ್ದಾರೆ. ಒಬ್ಬರ ಮೈಮೇಲೂ ನೂಲೆಳೆ ಇಲ್ಲ. ಅಜ್ಜಂದಿರ ಕಾಲದಲ್ಲಿ ಯಾವನೋ ಅಲೆಮಾರಿ ಚಿತ್ರಕಾರ ಊರಿನವರ ಮುಖಗಳನ್ನೇ ನೋಡಿ ಬರೆದು ಹೋಗಿದ್ದ. ಅವನಿಗೆ ಬಿಸಿಯೂಟ ಹಾಕಿದವರು ಸ್ವರ್ಗದಲ್ಲಿದ್ದರು, ಹಳಸಿದ್ದು ಹಾಕಿದವರು ನರಕದಲ್ಲಿ. ಯಾರ ಅಜ್ಜ ಎಲ್ಲಿದ್ದಾನೆ ಎಂಬುದು ಇವತ್ತಿಗೂ ಊರಿಗೆಲ್ಲ ಗೊತ್ತು.

ಪಾದ್ರಿಗಳು ಓಡಿದ್ದು ಎರ್ಕೊಲಾನೊ ಮನೆಗೆ. ಊರಿಗೆ ಇರುವವನು ಅವನೊಬ್ಬನೇ ಚಿತ್ರಕಾರ. ಹರೆಯದಲ್ಲಿ ರೋಮಿಗೆ ಹೋಗಿ ಹೊಸ ಶೈಲಿ ಕಲಿತು ಬಂದಿದ್ದ: ಕತ್ತು, ಬೆರಳುಗಳನ್ನು ನೀಳವಾಗಿ ಎಳೆದು, ಮೈಯನ್ನು ಬಳ್ಳಿಯಂತೆ ಬಳುಕಿಸಿ ಬರೆಯುವುದು. ಕಲಿತದ್ದೇ ಬಂತು. ಆಮೇಲೆ ಮೂವತ್ತು ವರ್ಷ ಬರೆದದ್ದೆಲ್ಲ ಹೆಂಡದಂಗಡಿಯ ಹಲಗೆ, ಮದುವೆ ಪೆಟ್ಟಿಗೆ, ಮೆರವಣಿಗೆಯ ಬಾವುಟ. ಚರ್ಚಿನೊಳಗೆ ಪಕ್ಕದ ಗೂಡಿನಲ್ಲಿ ಒಂದು ಪೂಜಾವೇದಿಕೆ ಚಿತ್ರವಿಲ್ಲದೆ ಖಾಲಿ ಬಿದ್ದಿತ್ತು. ಅದರ ಮೇಲೆ ತನ್ನ ಕೈಯಿಂದ ಒಂದು ಮೇರಿ ಮಾತೆಯನ್ನು ಬರೆದಿಟ್ಟು ಸಾಯಬೇಕು. ಅವನಿಗೆ ಉಳಿದಿದ್ದ ಆಸೆ ಇದೊಂದೇ.

"ಏಳಯ್ಯಾ ಎರ್ಕೊಲಾನೊ! ಸಂಜೆಯೊಳಗೆ ಅಷ್ಟೂ ಜನಕ್ಕೆ ಚಡ್ಡಿ ಹಾಕ್ಬೇಕು."

"ಯಾರಿಗೆ ಸ್ವಾಮಿ?"

"ಗೋಡೆ ಮೇಲಿರೋರಿಗೆ ಕಣಯ್ಯಾ! ಬಿಷಪ್ಪರು ಬರ್ತಿದಾರೆ!"

ಎರ್ಕೊಲಾನೊ ಕಂಬಳಿ ಎಳೆದುಕೊಂಡ. "ನಮ್ಮಜ್ಜನ ಕಾಲದಿಂದ ಹಾಗೇ ಇದಾರೆ. ಇನ್ನೊಂದು ರಾತ್ರಿಗೆ ನೆಗಡಿಯೇನೂ ಆಗಲ್ಲ. ನನಗೆ ಮಂಡಿ ನೋವು."

"ಮಾಡಿಕೊಟ್ರೆ ಆ ಖಾಲಿ ವೇದಿಕೆ ಚಿತ್ರ ನಿಂದು. ಬಿಷಪ್ಪರ ಒಪ್ಪಿಗೆ ಬೇಕಿತ್ತು ತಾನೇ? ಸಂಜೆ ನಿನ್ನೆದುರೇ ಕೇಳ್ತೀನಿ."

ಎರ್ಕೊಲಾನೊ ಎದ್ದು ಕೂತ. ಹಾಸಿಗೆಯ ಕೆಳಗಿಂದ ಮೇರಿ ಮಾತೆಯ ಕರಡು ಚಿತ್ರದ ಸುರುಳಿ ತೆಗೆದು ಅಂಗಿಯೊಳಗೆ ತುರುಕಿಕೊಂಡ.

"ಆದ್ರೆ ಚೆಂದ ಮಾಡೋಕೆ ಹೋಗ್ಬೇಡ ಮಾರಾಯ," ಎಂದರು ಪಾದ್ರಿಗಳು. "ಹೊತ್ತಿಲ್ಲ. ಮೆತ್ತು, ಮುಂದಕ್ಕೆ ಹೋಗು."

ಒಣಗಿದ ಗೋಡೆಗೆ ಬಣ್ಣ ಹಿಡಿಯಬೇಕಾದರೆ ಮೊಟ್ಟೆಯ ಹಳದಿಯಲ್ಲಿ ಕಲಸಬೇಕು. ಆ ಚಳಿಯಲ್ಲಿ ಮೊಟ್ಟೆ ಇಡುತ್ತಿದ್ದದ್ದು ವಿಧವೆ ಸೆರಾಫಿನಾಳ ಕೋಳಿಗಳು ಮಾತ್ರ. ಅವಳು ಬುಟ್ಟಿ ಹಿಡಿದು ತಾನೇ ಬಂದಳು. ಬಂದವಳು ಏಣಿಯ ಬುಡದಲ್ಲಿ ನಿಂತೇಬಿಟ್ಟಳು.

"ಮೊದ್ಲು ನಮ್ಮಜ್ಜಿಗೆ ಉಡಿಸು. ಆಮೇಲೆ ಬೇರೆಯವ್ರು. ಹಸಿರು ಬೇಡ, ಅವಳು ಜನ್ಮದಲ್ಲಿ ಹಸಿರು ಉಟ್ಟೋಳಲ್ಲ."

"ಸತ್ತು ಎದ್ದು ಬರ್ತಿದಾರೆ ತಾಯಿ. ಬಣ್ಣ ನೋಡೋ ಹೊತ್ತಾ ಇದು?"

"ದೇವರ ಮುಂದೆ ನಿಲ್ಲೋಕೆ ಹೊರಟೋಳು ಬಣ್ಣ ನೋಡ್ದೆ ಹೋಗ್ತಾಳಾ? ತೋಳು ಉದ್ದ ಇರ್ಲಿ. ಗುಂಡಿ ಮರೀಬೇಡ."

ಎರ್ಕೊಲಾನೊ ಗೊಣಗಿದ. ಅವಳು ಬುಟ್ಟಿ ಎತ್ತಿಕೊಂಡು ಹೊರಟಳು. ಅವನು ನೀಲಿ ಬಣ್ಣ ಕಲಸಿದ, ಗುಂಡಿಯನ್ನೂ ಹಾಕಿದ.

ಸುದ್ದಿ ಊರಿಗೆಲ್ಲ ಹಬ್ಬಿತು. ಬಟ್ಟೆ ವ್ಯಾಪಾರಿ ಬಾಲ್ದಾಸ್ಸಾರೆ ಹೊಟ್ಟೆ ಮುಂದೆ ಮಾಡಿಕೊಂಡು ಬಂದ. ಅವನ ಅಜ್ಜ ನರಕದಲ್ಲಿದ್ದ. ಹಿಂದಿನಿಂದ ಒಂದು ದೆವ್ವ ಕವಲುಗೋಲಿನಲ್ಲಿ ತಿವಿಯುತ್ತಿತ್ತು.

"ಏನಯ್ಯಾ ಇದು? ಅವಳ ಅಜ್ಜಿಗೆ ತೋಳು, ಗುಂಡಿ. ನಮ್ಮಜ್ಜನಿಗೆ ಬರೀ ಚಡ್ಡಿನಾ? ಊರಿಗೆಲ್ಲ ಬಟ್ಟೆ ಕೊಟ್ಟ ಮನುಷ್ಯ ಅವನು!"

"ಅವರು ನರಕದಲ್ಲಿದಾರೆ ಸಾಹುಕಾರ್ರೇ."

"ಅದೇನು ಹೊಸ ಸುದ್ದಿನಾ? ನಿಲುವಂಗಿ ಹಾಕು. ಅಂಚಿಗೆ ತುಪ್ಪಳ ಇರ್ಲಿ."

"ಬೆಂಕಿ ಪಕ್ಕದಲ್ಲಿ ತುಪ್ಪಳಾನಾ? ಸೆಕೆ ಆಗಲ್ವಾ?"

"ಸೆಕೆ ತಡ್ಕೋತಾನೆ. ಅವಮಾನ ತಡ್ಕೊಳಲ್ಲ." ಇಷ್ಟು ಹೇಳಿ ಬಾಲ್ದಾಸ್ಸಾರೆ ಏಣಿಗೆ ಕೈಯಿಟ್ಟು ಒಮ್ಮೆ ಮೆಲ್ಲಗೆ ಅಲುಗಿಸಿದ. ಎರ್ಕೊಲಾನೊ ಎದುರಿಗಿದ್ದ ದೆವ್ವವನ್ನು ಬಾಚಿ ತಬ್ಬಿಕೊಂಡ. ಅಜ್ಜನಿಗೆ ತುಪ್ಪಳದ ಅಂಚು ಸಿಕ್ಕಿತು.

ದರ್ಜಿ ಮೆನಿಕೊ ಬೆಂಚಿನ ಮೇಲೆ ಕೂತು ಕತ್ತು ಓರೆ ಮಾಡಿ ನೋಡುತ್ತಿದ್ದ. "ಆ ಮೂಲೇಲಿರೋನ ಅಂಗಿ ಸರಿಯಿಲ್ಲ ಕಣೋ. ಅವನು ಎರಡೂ ಕೈ ಎತ್ತಿ ದೇವರನ್ನ ಕರೀತಿದಾನೆ. ಕಂಕುಳಲ್ಲಿ ಹರಿಯುತ್ತೆ."

"ಹರಿದ್ರೆ ನಿನ್ನ ಹತ್ರಾನೇ ಕಳಿಸ್ತೀನಿ ಬಿಡೋ."

ದೆವ್ವಗಳಿಗೆ ಚಡ್ಡಿ ಬೇಕೋ ಬೇಡವೋ ಎಂಬಲ್ಲಿ ದೊಡ್ಡ ಜಗಳವೇ ಹತ್ತಿತು. ಹಾಕಿದರೆ ಮಕ್ಕಳು ಹೆದರುವುದಿಲ್ಲ ಎಂದ ಮೆನಿಕೊ. ದೆವ್ವವಾದರೂ ಗಂಡಸು ತಾನೇ, ಮಾನ ಮುಚ್ಚಬೇಡವೇ ಎಂದಳು ಸೆರಾಫಿನಾ. ಪಾದ್ರಿಗಳು ಹಣೆ ಒತ್ತಿಕೊಂಡು, "ಹಾಕ್ಬಿಡಪ್ಪಾ, ದೆವ್ವಗಳಿಗೂ ಹಾಕ್ಬಿಡು," ಎಂದರು. ಅಷ್ಟರಲ್ಲಿ ಊಟದ ಹೊತ್ತಾಯಿತು. ಎಲ್ಲರೂ ಅಲ್ಲೇ ರೊಟ್ಟಿ, ಈರುಳ್ಳಿ, ಗಿಣ್ಣು ಬಿಚ್ಚಿಕೊಂಡು ಕೂತರು. ಏಣಿಯ ಮೇಲಿದ್ದವನನ್ನು ಯಾರೂ ಕರೆಯಲಿಲ್ಲ. ಅವನಿಗೂ ಇಳಿದು ಮತ್ತೆ ಹತ್ತುವ ತ್ರಾಣ ಇರಲಿಲ್ಲ.

ಉಂಡವರೆಲ್ಲ ಬೆಂಚುಗಳಿಗೆ ಒರಗಿ ತೂಕಡಿಸತೊಡಗಿದರು. ಚಿತ್ರದ ನಡುವೆ ಆಗಷ್ಟೇ ಗೋರಿಯಿಂದ ಮೇಲೇಳುತ್ತಿದ್ದ ಒಬ್ಬ ಮನುಷ್ಯ ಉಳಿದಿದ್ದ. ಅವನ ವಂಶದವರು ಯಾರೂ ಊರಿನಲ್ಲಿರಲಿಲ್ಲ; ಕೇಳುವವರಿಲ್ಲದ ಮನುಷ್ಯ. ಎರ್ಕೊಲಾನೊ ಅವನ ಹೆಗಲಿಗೆ ಒಂದು ಬಿಳಿ ವಸ್ತ್ರ ಹೊದಿಸಿದ. ಮೆತ್ತಿ ಮುಂದಕ್ಕೆ ಹೋಗಬೇಕೆಂದೇ ಇದ್ದ. ಆದರೆ ಎಷ್ಟೋ ವರ್ಷಗಳ ಮೇಲೆ ಯಾರೂ ಮಾತಾಡದ ಹೊತ್ತು ಸಿಕ್ಕಿತ್ತು, ಕೈ ತಾನಾಗಿಯೇ ನಿಧಾನವಾಯಿತು. ಒಂದು ನೆರಿಗೆ ಬಂತು, ಅದರ ನೆರಳು ಬಂತು, ನೆರಳಿನೊಳಗೆ ಇನ್ನೊಂದು ನೆರಿಗೆ. ಕಿಟಕಿಯ ಬೆಳಕು ಎಲ್ಲಿಂದ ಬೀಳುತ್ತಿತ್ತೋ ಅಲ್ಲಿಂದಲೇ ಬಟ್ಟೆಯ ಮೇಲೂ ಬಿತ್ತು. ರೋಮಿನಲ್ಲಿ ಕಲಿತದ್ದು ಬೆರಳಿನಲ್ಲಿ ಇನ್ನೂ ಇತ್ತು, ಸತ್ತಿರಲಿಲ್ಲ. ಇದನ್ನು ಬಿಷಪ್ಪರು ನೋಡಲಿ, ನೋಡಿದರೆ ವೇದಿಕೆ ನನ್ನದೇ ಎಂದುಕೊಂಡ. ಮಂಡಿ ನೋವು ಮರೆತು ಅಜ್ಜಿಯ ತೋಳು, ಅಜ್ಜನ ನಿಲುವಂಗಿ, ಕೊನೆಗೆ ದೆವ್ವಗಳ ಚಡ್ಡಿಯನ್ನೂ ಮತ್ತೆ ತಿದ್ದಿದ.

ಎಚ್ಚರಾದವರು ಒಬ್ಬೊಬ್ಬರಾಗಿ ಎದ್ದು ಗೋಡೆಯ ಮುಂದೆ ಬಂದು ನಿಂತರು. ಸೆರಾಫಿನಾ, "ಮುಟ್ಟಿದ್ರೆ ಬಟ್ಟೆ ಕೈಗೆ ಬರೋ ಹಾಗಿದೆ," ಎಂದಳು. ಬಾಲ್ದಾಸ್ಸಾರೆ ಹತ್ತಿರ ಹೋಗಿ, "ಇದು ಯಾವ ಮಗ್ಗದ್ದಯ್ಯಾ?" ಎಂದು ಪಿಸುಗುಟ್ಟಿದ. ಎರ್ಕೊಲಾನೊಗೆ ಕಣ್ಣು ತುಂಬಿ ಬಂತು. ಊರು ಅವನ ಕೆಲಸವನ್ನು ಹೀಗೆ ನಿಂತು ನೋಡಿದ್ದು ಅದೇ ಮೊದಲು.

ಗಂಟೆ ಹೊಡೆಯಿತು. ಬಿಷಪ್ಪರು ಕೊನೆಯ ಏರು ನಡೆದೇ ಹತ್ತಿ, ಮೈಯೆಲ್ಲ ಧೂಳಾಗಿ ಒಳಗೆ ಬಂದರು. ತಿರುಗಿ ಗೋಡೆ ನೋಡಿದರು. ನೋಡುತ್ತಲೇ ನಿಂತರು.

"ಯಾರು ಮಾಡಿದ್ದು ಇದು?"

ಪಾದ್ರಿಗಳು ಎರ್ಕೊಲಾನೊನನ್ನು ಮುಂದೆ ತಳ್ಳಿದರು. ಗಡ್ಡದಲ್ಲಿ ಮೊಟ್ಟೆಯ ಹಳದಿ ಒಣಗಿತ್ತು. ಬಿಷಪ್ಪರು ಅವನ ಬಣ್ಣದ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು.

"ಎಷ್ಟು ಊರು ಸುತ್ತಿದೀನಪ್ಪಾ! ಬಟ್ಟೆ ಹಾಕಿಸಿದ ಕಡೆಯೆಲ್ಲ ಗೋಡೆಗೆ ಚಿಂದಿ ಅಂಟಿಸಿದ ಹಾಗೆ ಮಾಡಿಟ್ಟಿದಾರೆ. ಜನ ಪ್ರಾರ್ಥನೆ ಬಿಟ್ಟು ನಗ್ತಾರೆ. ಇಲ್ಲಿ ನೋಡು, ಇವರೆಲ್ಲ ಬಟ್ಟೆ ತೊಟ್ಕೊಂಡೇ ಹುಟ್ಟಿದ ಹಾಗಿದಾರೆ."

ಪಾದ್ರಿಗಳು ಮಾತಿಗೆ ತಪ್ಪಲಿಲ್ಲ. "ಪ್ರಭುಗಳೇ, ಇವನಿಗೊಂದು ಆಸೆ. ಪಕ್ಕದ ವೇದಿಕೆಗೆ ಇವನ ಕೈಯಿಂದಲೇ ಒಂದು ಚಿತ್ರ..."

ಎರ್ಕೊಲಾನೊ ಅಂಗಿಯೊಳಗಿನ ಸುರುಳಿ ತೆಗೆದು ಬಿಚ್ಚಿದ. ನೀಳ ಕತ್ತಿನ ಮೇರಿ ಮಾತೆ, ತೊಡೆಯ ಮೇಲೆ ಮಗು. ಬಿಷಪ್ಪರು ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ತುಂಬ ಚೆನ್ನಾಗಿದೆ," ಎಂದರು. ಎರ್ಕೊಲಾನೊ ಒಂದು ಹೆಜ್ಜೆ ಮುಂದೆ ಬಂದ. "ಆದ್ರೆ ಇಂಥದ್ದನ್ನ ಬರೆಯೋರು ನಗರದಲ್ಲಿ ಬೇಕಾದಷ್ಟು ಜನ ಇದಾರೆ. ಒಬ್ಬನನ್ನ ಕಳಿಸ್ತೀನಿ. ನಿನ್ನಂಥವನ ಕೈಯನ್ನ ಇದಕ್ಕೆ ಸವೆಸೋದು ಪಾಪ. ಬೆಳಿಗ್ಗೆ ನನ್ನ ಜೊತೆ ಹೊರಡು. ಇನ್ನೂ ಎಷ್ಟೋ ಊರಲ್ಲಿ ಗೋಡೆ ಮೇಲೆ ಎಲ್ಲರೂ ಬೆತ್ತಲೆ ನಿಂತಿದಾರೆ."

"ಎಷ್ಟು ಊರು, ಪ್ರಭು?"

"ನಿನ್ನ ಆಯುಷ್ಯಕ್ಕೆ ಸಾಲುವಷ್ಟು," ಎಂದು ಬಿಷಪ್ಪರು ಪ್ರೀತಿಯಿಂದ ಅವನ ತಲೆಯ ಮೇಲೆ ಕೈಯಿಟ್ಟು ಹರಸಿದರು.

ದೊನ್ ಫುಲ್ಜೆನ್ಸಿಯೊಗೆ ಮಾತ್ರ ಒಂದು ಚಿಂತೆ ಉಳಿಯಿತು. "ಪ್ರಭುಗಳೇ, ನಗರದ ಚಿತ್ರಕಾರರನ್ನ ನಂಬೋಕಾಗಲ್ಲ. ಆ ವೇದಿಕೆ ಮೇಲೆ ಬಾಲಯೇಸುವನ್ನ ಬೆತ್ತಲೆ ಬರೆದುಬಿಟ್ರೆ?"

"ಬರೀಲಿ ಬಿಡಿ," ಎಂದು ಬಿಷಪ್ಪರು ನಕ್ಕರು. "ಆಮೇಲೆ ಇವನೇ ಬಂದು ಚಡ್ಡಿ ಹಾಕ್ತಾನೆ."

ಊರಿಗೆ ಊರೇ ನಕ್ಕಿತು. ಎರ್ಕೊಲಾನೊ ಕೂಡ ನಕ್ಕ. ಅಳುವಷ್ಟು ಶಕ್ತಿ ಅವನಲ್ಲಿ ಉಳಿದಿರಲಿಲ್ಲ.