ನೀಲಿ ಕಾರ್ಡಿನ ಕಾವಲುಗಾರ

"ಇನ್ಮೇಲೆ ನನ್ನ ಹೆಂಡತಿ ಚರ್ಚಿನ ಬಾಗಿಲಲ್ಲೇ ಇಳೀತಾಳೆ! ಅಡ್ಡ ಬಂದೋರ ಗ್ರಹಚಾರ ಬಿಡಿಸ್ತೀನಿ!"

ಅಮೆರಿಕದ ಮಿಲ್ವಾಕಿಯ ಲೆನ್ ಪಾವ್ಲಾಕ್ ಗುಡುಗಿದ. ಗುಡುಗದೆ ಏನು ಮಾಡಿಯಾನು? ಸೊಂಟದ ಕೀಲು ಸವೆದ ಹೆಂಡತಿ ಬರ್ನಿಸ್‌ಗಾಗಿ ಡಾಕ್ಟರ ಸಹಿಗೆ ಅಲೆದು, ಸಾರಿಗೆ ಕಚೇರಿಯ ಸಾಲಿನಲ್ಲಿ ಬೇರುಬಿಟ್ಟು, ಅಂಗವಿಕಲರ ಪಾರ್ಕಿಂಗಿನ ನೀಲಿ ಕಾರ್ಡನ್ನು ಗಿಟ್ಟಿಸಿದ್ದ! ಚಳಿಗಾಲವಿಡೀ ಮನೆಯಲ್ಲೇ ಕೊಳೆತ ಬರ್ನಿಸ್‌ಗೆ ಇದ್ದದ್ದು ಒಂದೇ ಆಸೆ. ಈಸ್ಟರಿಗೆ ಮುಂಚಿನ, ಮಾಂಸ ಬಿಡುವ ಶುಕ್ರವಾರ, ಚರ್ಚಿನ ಹಾಲ್‌ನಲ್ಲಿ ಊರವರ ಜೊತೆ ಕೂತು ಹುರಿದ ಮೀನು ತಿನ್ನಬೇಕು.

ಚರ್ಚಿಗೆ ಬಂದು ನೋಡಿದರೆ ಕಾರ್ಡಿನವರಿಗೆ ಮೀಸಲಾದ ನೀಲಿ ಜಾಗ ಇದ್ದದ್ದೇ ಎರಡು. ಒಂದರಲ್ಲಿ ಗೆಳೆಯ ಎರ್ವಿನ್‌ನ ವ್ಯಾನು. ಇನ್ನೊಂದರಲ್ಲಿ ಕೆಂಪು ಕಾರು. ಅದರಿಂದ ಹುಡುಗಿಯೊಬ್ಬಳು ಇಳಿದು ಟಕಟಕ ನಡೆದು ಬಂದಳು! ಲೆನ್‌ಗೆ ಪಿತ್ತ ನೆತ್ತಿಗೇರಿತು. ಎರಡರ ನಡುವೆ ಪಟ್ಟೆ ಬಳಿದಿದ್ದ ಜಾಗಕ್ಕೆ ಕಾರು ನುಗ್ಗಿಸಿ ಹಾರಿ ಇಳಿದ.

"ನಾಚಿಕೆ ಆಗಲ್ವಾ? ಕಾಲು ಗಟ್ಟಿಯಾಗಿದೆಯಲ್ಲ ನಿಂಗೆ!"

"ಹೃದಯ ಗಟ್ಟಿಯಾಗಿಲ್ಲ ಸಾರ್. ಕನ್ನಡಿಗೆ ಕಾರ್ಡು ತೂಗುಹಾಕಿದ್ದೀನಿ, ನೋಡಿ."

"ನಾಟಕ! ಬರೀ ನಾಟಕ!"

"ಲೆನ್, ಸಾಕು ಮಾಡು! ಮೀನು ಮುಗಿದ್ಹೋಗುತ್ತೆ!" ಕಾರಿನಿಂದ ಬರ್ನಿಸ್ ಕಿರುಚಿದಳು.

"ಸುಮ್ನಿರು! ನನಗೆ ನ್ಯಾಯ ಮುಖ್ಯ!"

ಅಷ್ಟರಲ್ಲಿ ವ್ಯಾನಿನ ಹಾರನ್ ಬಾಯಿ ಬಡಿದುಕೊಂಡಿತು. ಒಳಗೆ ಗಾಲಿಕುರ್ಚಿಯಲ್ಲಿದ್ದ ಎರ್ವಿನ್ ಕೆಂಡವಾಗಿದ್ದ.

"ಲೋ ಲೆನ್! ಆ ಪಟ್ಟೆ ಬಳಿದಿರೋದು ನಿನ್ನ ಕಾರಿನ ಅಲಂಕಾರಕ್ಕಾ? ನನ್ನ ಕುರ್ಚಿ ಇಳಿಯೋ ಜಾಗ ಕಣೋ ಅದು! ನಾನೇನು ಕಿಟಕಿಯಿಂದ ಹಾರ್ಲಾ?"

"ನಮ್ಮ ಹತ್ರಾನೂ ಕಾರ್ಡಿದೆ!"

"ಕಾರ್ಡಿದ್ರೆ ನನ್ನ ತಲೆ ಮೇಲೂ ನಿಲ್ಸ್ತೀಯಾ? ತೆಗೀತೀಯೋ, ಪೊಲೀಸರನ್ನ ಕರೀಲೋ?"

ಹಲ್ಲು ಕಡಿಯುತ್ತ ಲೆನ್ ತಿರುಗಿ ನೋಡಿದರೆ, ಬರ್ನಿಸ್ ಆಗಲೇ ಕಾರಿನಿಂದಿಳಿದು ಅದೇ ಹುಡುಗಿಯ ತೋಳು ಹಿಡಿದು ಹೊರಟಿದ್ದಳು. ವಿಶ್ವಾಸಘಾತ!

ಎಲ್ಲೋ ನಾಲ್ಕು ಬೀದಿಯಾಚೆ ಜಾಗ ಸಿಕ್ಕಿತು. ಕರಗಿದ ಹಿಮದ ರಾಡಿ ತುಳಿದು, ದಾರಿಯುದ್ದಕ್ಕೂ ಬೈದುಕೊಂಡು, ಏದುಸಿರು ಬಿಡುತ್ತ ಹಾಲ್ ತಲುಪಿದ. ಮೀನಿನ ತಟ್ಟೆ ಖಾಲಿ! ಉಳಿದದ್ದು ಎಲೆಕೋಸಿನ ಪಲ್ಯ. ಬರ್ನಿಸ್, ಎರ್ವಿನ್, ಹುಡುಗಿ ಮೂವರೂ ಒಂದೇ ಮೇಜಿನಲ್ಲಿ ಹೊಟ್ಟೆ ಹಿಡಿದು ನಗುತ್ತಿದ್ದರು.

"ಆ ಹುಡುಗಿ ಜೊತೆ ಏನೇ ನಗು ನಿಂದು?"

ಬರ್ನಿಸ್ ಕಣ್ಣೊರೆಸಿಕೊಂಡಳು.

"ಪಾಪ, ಈ ಮಗು ಕೇಳ್ತಿತ್ತು, ನಿಮ್ಮ ಯಜಮಾನ್ರು ಗಟ್ಟಿಮುಟ್ಟಾಗೇ ಇದ್ದಾರಲ್ಲ, ಅವರಿಗೇನು ಕಾಯಿಲೆ ಅಂತ. ಇದೆ ಕಣಮ್ಮ, ತಲೆಯೊಳಗೆ, ಹೊರಗಡೆ ಕಾಣಲ್ಲ, ಅದಕ್ಕೆ ಮಾತ್ರ ಇನ್ನೂ ಯಾರೂ ಕಾರ್ಡು ಕೊಟ್ಟಿಲ್ಲ ಅಂದೆ!"